ತಲೆಕಟ್ಟು ಮುರಿದ ‘ಸ’: ಹಳೆ ಆಟದ ನೋಟೀಸಿನಿಂದ ಫಾಂಟ್ ಮಾಡಿದ್ದು

ನಮ್ಮೂರಿನ ಗ್ರಂಥಾಲಯದಲ್ಲಿ ಹಳೆಯ ಆಟದ, ಅಂದರೆ ಯಕ್ಷಗಾನದ, ನೋಟೀಸುಗಳನ್ನು ಪ್ರದರ್ಶನಕ್ಕೆ ಇಡೋಣ ಅಂತ ಮಾತು ಬಂತು. ನಮ್ಮೂರು ಕಾಸರಗೋಡು ಕಡೆ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಇಂಥ ನೋಟೀಸುಗಳ ಒಂದು ಕಟ್ಟೇ ಸಿಕ್ಕಿತ್ತು. ಬಯಲಾಟ, ತಾಳಮದ್ದಳೆ, ಭಜನೆ, ಜಾತ್ರೆ, ಎಲ್ಲದಕ್ಕೂ ಒಂದೊಂದು. ಹಳದಿ, ಗುಲಾಬಿ ಬಣ್ಣದ ತೆಳು ಕಾಗದ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಪ್ರದರ್ಶನದ ಬ್ಯಾನರಿಗೂ ಆಮಂತ್ರಣಕ್ಕೂ ಆ ಕಾಗದದ ಮೇಲಿನ ಅಕ್ಷರವೇ ಬೇಕು ಅಂತ ನನಗೆ ಆಸೆಯಾಯಿತು. ಅಂಥ ಕನ್ನಡ ಫಾಂಟ್ ಹುಡುಕಿದೆ, ಮನಸ್ಸಿಗೆ ಹಿಡಿಸುವಂಥದ್ದು ಸಿಗಲಿಲ್ಲ. ಕೊನೆಗೆ ನಾನೇ ಮಾಡಲು ಕೂತೆ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಅಂತ ಮಾಡಿ ಮೂರು ತಿಂಗಳು ಹಿಡಿಯಿತು. ಬೇರೆ ಯಾರಾದರೂ ಮಾಡುವುದಾದರೆ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲ ವಾರ: ಸುಲಭದ ದಾರಿ ಹಿಡಿದು ವಾಪಸ್ ಬಂದದ್ದು

ನೋಟೋ ಸೆರಿಫ್ ಕನ್ನಡ ಎಂಬ ಫಾಂಟಿನಲ್ಲಿ ‘ಯಕ್ಷಗಾನ ಬಯಲಾಟ’ ಅಂತ ಬರೆದು, ಚಿತ್ರ ತಿದ್ದುವ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಅದರ ಮೇಲೆ ಹಳೆ ಸಿಮೆಂಟು ಗೋಡೆಯ ಫೋಟೋ ಒಂದನ್ನು ಮಾಸ್ಕ್ ಮಾಡಿ ಹಾಕಿದೆ. ದೂರದಿಂದ ಪರವಾಗಿಲ್ಲ. ಹತ್ತಿರ ಬಂದರೆ ಹೊಸ ಪಾತ್ರೆಗೆ ಮಸಿ ಬಳಿದ ಹಾಗೆ ಕಾಣುತ್ತಿತ್ತು. ಅಕ್ಷರದ ಮೈಯೆಲ್ಲ ಚೂಪಾಗಿ ಹೊಸದು, ಮೇಲೆ ಮಾತ್ರ ಕಲೆ.

ಇಂಗ್ಲಿಷಿನವರು ಇದನ್ನು ಹೇಗೆ ಮಾಡಿದ್ದಾರೆ ನೋಡೋಣ ಅಂತ ಎರಡು ಫಾಂಟ್‌ಗಳನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಒಂದು ಕ್ಯಾಸ್ಲನ್ ಆಂಟಿಕ್. 1890ರ ದಶಕದ ಕೊನೆಗೆ ಬರ್ನ್ ನಡಾಲ್ ಬರೆದದ್ದು, ಚಿಕಾಗೋದ ಬಾರ್ನ್‌ಹಾರ್ಟ್ ಬ್ರದರ್ಸ್ ಆಂಡ್ ಸ್ಪಿಂಡ್ಲರ್ ಎಂಬ ಮೊಳೆ (ಅಚ್ಚಿಗೆ ಜೋಡಿಸುವ ಲೋಹದ ಬಿಡಿ ಅಕ್ಷರ) ಎರಕದ ಕಂಪನಿಯಿಂದ ಬಂದದ್ದು. ಮೊದಲಿನ ಹೆಸರು ‘ಫಿಫ್ಟೀಂತ್ ಸೆಂಚುರಿ’. ಇಂಗ್ಲೆಂಡಿನಲ್ಲಿ ಮೊಳೆ ಮಾಡುತ್ತಿದ್ದ ವಿಲಿಯಂ ಕ್ಯಾಸ್ಲನ್ 1766ರಲ್ಲೇ ತೀರಿಕೊಂಡಿದ್ದ, ಇದಕ್ಕೂ ಅವನಿಗೂ ಹೆಸರಷ್ಟೇ ನಂಟು. ಅಂದರೆ ಹೊಸ ಮೊಳೆಯಲ್ಲೇ ಹಳೆತನ ತಂದು ಮಾರಿದ್ದು, ಅದೂ ನೂರಿಪ್ಪತ್ತು ವರ್ಷಕ್ಕೂ ಹಿಂದೆ! ಗೆರೆಗಳ ಅಂಚು ಸಣ್ಣಗೆ ಏರಿಳಿಯುತ್ತದೆ, ಸೆರಿಫ್ ಅಂದರೆ ಅಕ್ಷರದ ಕಾಲ ತುದಿಯ ಆ ಪುಟ್ಟ ಅಡ್ಡಗೆರೆ ಉಜ್ಜಿ ಮೊಂಡಾದ ಹಾಗಿದೆ. ಇನ್ನೊಂದು ಐಎಂ ಫೆಲ್. ಆಕ್ಸ್‌ಫರ್ಡಿನ ಬಿಷಪ್ ಜಾನ್ ಫೆಲ್ ಕೂಡಿಸಿ, 1686ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಮೊಳೆಗಳ ಡಿಜಿಟಲ್ ರೂಪ ಅದು. ಇಜಿನೊ ಮರೀನಿ ಮಾಡಿದ್ದಾರೆ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಇದು. ಸವೆತವನ್ನು ಊಹೆ ಮಾಡಿ ಬರೆದದ್ದಲ್ಲ, ಶಾಯಿ ಕಾಗದದ ಮೇಲೆ ಹರಡಿದ ಗುರುತು ಹಾಗೇ ಉಂಟು.

ಕನ್ನಡಕ್ಕೆ ಸೆರಿಫ್ ಇಲ್ಲ. ಆದರೆ ಆ ಕೆಲಸವನ್ನು ತಲೆಕಟ್ಟು ಮಾಡುತ್ತದೆ ಅಂತ ನನಗೆ ಅನಿಸುತ್ತದೆ. ಅದರ ಬಲತುದಿ ತೆಳ್ಳಗೆ ಮೇಲೆ ಎದ್ದಿರುತ್ತದೆ, ಹಾಗಾಗಿ ಮೊದಲು ಪೆಟ್ಟು ತಿನ್ನುವುದೂ ಅದೇ. ಜೊತೆಗೆ ಹಳೆ ಮೊಳೆಗಳಲ್ಲಿ ದಪ್ಪ ತೆಳುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಎಲ್ಲ ಗೆರೆಯೂ ಒಂದೇ ದಪ್ಪ ಇರುವ ಅಕ್ಷರಕ್ಕೆ ಏನೇ ಕಲೆ ಹಚ್ಚಿದರೂ ಹಳೆಯದಾಗುವುದಿಲ್ಲ.

ಪ್ರೆಸ್ ಮಾವ ಹೇಳಿಕೊಟ್ಟದ್ದು

ನಮ್ಮ ಮನೆಯಿಂದ ಎರಡು ತೋಟ ದಾಟಿದರೆ ಒಬ್ಬರು ಹಿರಿಯರಿದ್ದಾರೆ. ಕಾಸರಗೋಡು ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿದವರು. ಪ್ರೆಸ್ ಮುಚ್ಚಿ ಎಷ್ಟೋ ಕಾಲವಾಯಿತು, ನಾವೆಲ್ಲ ಅವರನ್ನು ಈಗಲೂ ಪ್ರೆಸ್ ಮಾವ ಅಂತಲೇ ಕರೆಯುವುದು. ನನ್ನ ಸಿಮೆಂಟು ಗೋಡೆಯ ಪ್ರಿಂಟನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ಅಕ್ಷರ ಸುಮ್ನೆ ಸವೆಯುವುದಿಲ್ಲ ಮಾರಾಯ. ಪ್ರತಿಯೊಂದಕ್ಕೂ ಕಾರಣ ಉಂಟು,” ಅಂದರು.

ಆಮೇಲೆ ಅಜ್ಜನ ನೋಟೀಸು ಒಂದನ್ನು ಮೇಜಿನ ಮೇಲೆ ಹಾಸಿ ಬೆರಳಿಟ್ಟು ತೋರಿಸುತ್ತಾ ಹೋದರು. ಮೊಳೆ ಸೀಸದ್ದು, ಗಟ್ಟಿಯಾಗಲಿ ಅಂತ ಆಂಟಿಮನಿ ಮತ್ತು ತವರ ಸೇರಿಸಿರುತ್ತಾರೆ. ಆದರೂ ಮೆತ್ತಗೆ. ಕೈಯಿಂದ ಜಾರಿ ಬಿದ್ದರೆ ಮೂಲೆ ಜಜ್ಜುತ್ತದೆ, ಸಾವಿರಾರು ಸಲ ಕಾಗದಕ್ಕೆ ಒತ್ತಿ ಒತ್ತಿ ಚೂಪು ಅಂಚು ಉರುಟಾಗುತ್ತದೆ. ಮೊಳೆಯ ಎತ್ತರ 0.918 ಇಂಚು. ಸವೆದ ಮೊಳೆ ಪಕ್ಕದ ಹೊಸ ಮೊಳೆಗಿಂತ ಕೂದಲೆಳೆಯಷ್ಟು ಗಿಡ್ಡ ಇದ್ದರೂ ಅದಕ್ಕೆ ಶಾಯಿ ಕಮ್ಮಿ ತಾಗುತ್ತದೆ, ಒಂದು ಸಾಲಿನ ಮಧ್ಯೆ ಒಂದು ಅಕ್ಷರ ಮಾತ್ರ ಮಂಕಾಗಿ ಕಾಣುವುದು ಅದಕ್ಕೇ. ಶಾಯಿ ಜಾಸ್ತಿಯಾದರೆ ಒತ್ತಿದಾಗ ಅಂಚಿನಿಂದ ಹೊರಗೆ ಚಿಮ್ಮಿ ಅಕ್ಷರದ ಸುತ್ತ ಕಪ್ಪು ದಡ ಕಟ್ಟುತ್ತದೆ, ಒಳಗಿನ ಸಂದುಗಳು ತುಂಬಿಹೋಗುತ್ತವೆ. ಕಮ್ಮಿಯಾದರೆ ದಪ್ಪ ಗೆರೆಯ ಒಳಗೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಕಾಗದ ಒರಟಾದಷ್ಟೂ ಆ ಉಪ್ಪು ಜಾಸ್ತಿ.

ನನ್ನ ಸಿಮೆಂಟು ಗೋಡೆಯಲ್ಲಿ ಈ ಯಾವ ಕಾರಣವೂ ಇರಲಿಲ್ಲ. ತೆಳು ಗೆರೆ, ದಪ್ಪ ಗೆರೆ, ಮೂಲೆ, ಹೊಟ್ಟೆ ಎಲ್ಲ ಕಡೆಯೂ ಒಂದೇ ಅಳತೆಯ ಕಲೆ. ಅಲ್ಲಿಂದ ಮುಂದೆ ಎಲ್ಲ ನಿರ್ಧಾರವನ್ನೂ ಮಾವನ ಆ ಮಾತಿಟ್ಟುಕೊಂಡೇ ಮಾಡಿದೆ.

ಸ್ನೇಹಿತರೊಬ್ಬರು 1843ರ ಮಂಗಳೂರು ಸಮಾಚಾರದ ಹಾಗೆ ಮಾಡು ಅಂದಿದ್ದರು. ಅದು ಬಾಸೆಲ್ ಮಿಶನ್ನಿನ ಕಲ್ಲಚ್ಚು, ಕೈಬರಹವನ್ನು ಕಲ್ಲಿನಿಂದ ಅಚ್ಚು ಹಾಕಿದ್ದು. ಅಲ್ಲಿ ಒಂದು ಅ ಇದ್ದ ಹಾಗೆ ಇನ್ನೊಂದು ಅ ಇರುವುದಿಲ್ಲ, ಮೊಳೆ ಜಜ್ಜುವ ಪ್ರಶ್ನೆಯೇ ಇಲ್ಲ. ಚೆಂದವೇ, ಆದರೆ ಅದು ಬೇರೆ ಕೆಲಸ.

ಎರಡು ನೋಟೀಸು, ಒಂದು ಮೊಳೆ

ಫಾಂಟಿಗೆ ಆರಿಸಿಕೊಂಡದ್ದು ಎರಡು ನೋಟೀಸು. ಒಂದು 1955ರದ್ದು, ವಿಳಾಸದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಅಂತ ಇದೆ. ಇನ್ನೊಂದು 1958ರದ್ದು, ಅದರಲ್ಲಿ ಕಣ್ಣೂರು ಜಿಲ್ಲೆ. ನಡುವೆ 1956ರ ನವೆಂಬರ್ 1 ಬಂದು ನಾವು ಕೇರಳದಲ್ಲಿದ್ದೆವು. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಪ್ರೆಸ್ ಅದೇ, ಪ್ರೆಸ್ಸಿನ ಹೆಸರು ಕೆಳಗೆ ಸಣ್ಣದಾಗಿ ಎರಡರಲ್ಲೂ ಇದೆ.

ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ನೋಡುವಾಗ ಒಂದು ಕಡೆ ನನ್ನ ಕೈ ನಿಂತುಬಿಟ್ಟಿತು. 1955ರ ‘ಸರ್ವರಿಗೂ ಆದರದ ಸ್ವಾಗತ’ ಎಂಬ ಸಾಲಿನ ಮೊದಲ ಸ, ತಲೆಕಟ್ಟಿನ ಬಲತುದಿ ಮುರಿದು ಓರೆಯಾಗಿ ನಿಂತಿದೆ. 1958ರ ನೋಟೀಸಿನಲ್ಲಿ ‘ಕಾಸರಗೋಡು’ ಎಂಬಲ್ಲಿ ಅದೇ ಅಳತೆಯ ಸ, ಅದೇ ಮುರುಕು, ಅದೇ ಓರೆ. ಒಂದರ ಮೇಲೆ ಒಂದು ಇಟ್ಟು ನೋಡಿದೆ, ಕೂಡಿಬಂತು. ಅದೇ ಮೊಳೆ! ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಆ ಸ ಅದೇ ಕೇಸಿನ (ಮೊಳೆ ಇಡುವ ಪೆಟ್ಟಿಗೆಯ) ಅದೇ ಗೂಡಿನಲ್ಲಿ ಕೂತಿತ್ತು. ಮರುದಿನ ಬೆಳಿಗ್ಗೆಯೇ ಮಾವನಿಗೆ ತೋರಿಸಿದೆ.

“ಇದು ನನಗೆ ಗೊತ್ತುಂಟು,” ಅಂದರು. “1964ರಲ್ಲಿ ನಾನು ಸೇರುವಾಗಲೂ ಇತ್ತು. 24 ಪಾಯಿಂಟಿನಲ್ಲಿ ಸ ಇದ್ದದ್ದೇ ಕಮ್ಮಿ, ಹಾಗಾಗಿ ಯಾರೂ ಎಸೆಯಲಿಲ್ಲ.”

ಆ ಸ ಫಾಂಟಿನಲ್ಲಿ ಇರಲೇಬೇಕು ಅಂತ ಆವತ್ತೇ ತೀರ್ಮಾನವಾಯಿತು.

ಸ್ಕ್ಯಾನ್, ಟ್ರೇಸ್

ಸ್ಕ್ಯಾನರಿನಲ್ಲಿ 1200 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅಂತ), ಗ್ರೇಸ್ಕೇಲ್. 72 ಪಾಯಿಂಟಿಗೆ ಒಂದು ಇಂಚು ಲೆಕ್ಕ ಹಿಡಿದರೆ 24 ಪಾಯಿಂಟಿನ ಅಕ್ಷರಕ್ಕೆ 400 ಪಿಕ್ಸೆಲ್ ಎತ್ತರ ಸಿಗುತ್ತದೆ, ಇದು ಸಾಕು. 12 ಪಾಯಿಂಟಿನದ್ದಕ್ಕೆ ಬರೀ 200, ಅದರಿಂದ ತಲೆಬರಹದ ಫಾಂಟ್ ಮಾಡಲು ಹೋಗಬೇಡಿ. ಸ್ಕ್ಯಾನರಿನ ಸಾಫ್ಟ್‌ವೇರು ತಾನಾಗಿ ಚೂಪು ಮಾಡುವ ಆಯ್ಕೆ ಇದ್ದರೆ ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಅಂಚಿನಲ್ಲಿ ಇಲ್ಲದ ಗೆರೆ ಹುಟ್ಟುತ್ತದೆ. ಪುಡಿಯಾಗುವ ಕಾಗದವನ್ನು ಗಾಜಿನ ಮೇಲೆ ಎಳೆಯಬಾರದು. ನಾನು ತೆಳು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು, ಹಾಳೆಯ ಸಮೇತ ಇಳಿಸಿದೆ, ತೆಗೆಯುವಾಗಲೂ ಹಾಗೆಯೇ.

ಜಿಂಪ್‌ನಲ್ಲಿ ಒಂದು ಪಿಕ್ಸೆಲ್‌ನಷ್ಟು ಗಾಸಿಯನ್ ಬ್ಲರ್ (ಅಂಚು ಮಸುಕು ಮಾಡುವುದು), ಆಮೇಲೆ ತ್ರೆಶೋಲ್ಡ್, ಅಂದರೆ ಎಷ್ಟು ಕಪ್ಪಿದ್ದರೆ ಕಪ್ಪು, ಇಲ್ಲವಾದರೆ ಬಿಳಿ ಅಂತ ಇಡುವ ಅಳತೆ. ಇಲ್ಲಿ ಒಂದು ತಪ್ಪು ಮಾಡಿದೆ. ಒಂದೊಂದು ಅಕ್ಷರ ಚೆಂದ ಕಾಣಲಿ ಅಂತ ಒಂದೊಂದಕ್ಕೂ ಬೇರೆ ತ್ರೆಶೋಲ್ಡ್ ಇಟ್ಟೆ. ಸಾಲಾಗಿ ಜೋಡಿಸಿದಾಗ ಒಂದು ದಪ್ಪ, ಒಂದು ತೆಳು, ಹತ್ತು ಪ್ರೆಸ್ಸಿನಿಂದ ತಂದು ಸೇರಿಸಿದ ಹಾಗೆ. ನಲವತ್ತು ಅಕ್ಷರ ಮುಗಿದಿತ್ತು, ಎಲ್ಲ ಬಿಸಾಡಿ ಒಂದೇ ಅಳತೆ ಇಟ್ಟು ಮತ್ತೆ ಶುರು ಮಾಡಿದೆ.

ಗೆರೆಚಿತ್ರದ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಸ್ಕ್ಯಾನನ್ನು ಗೆರೆಯಾಗಿ ಮಾಡುವ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಸ್ಪೆಕಲ್ಸ್ ಅಂತ ಒಂದು ಅಳತೆ ಇರುತ್ತದೆ. ಅದಕ್ಕಿಂತ ಸಣ್ಣ ಚುಕ್ಕೆಗಳನ್ನು ಅದು ಬಿಟ್ಟುಬಿಡುತ್ತದೆ. ನಾನು ಮೊದಲು ಏನೂ ಕಳೆದುಹೋಗಬಾರದು ಅಂತ ಅದನ್ನು ತೀರಾ ಕಮ್ಮಿ ಇಟ್ಟೆ. ಒಂದು ಕ್ಷ ಅಕ್ಷರಕ್ಕೇ ಸಾವಿರದ ಹತ್ತಿರ ಬಿಂದುಗಳು ಬಂದವು, ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್ ಒದ್ದಾಡಿತು, ಒಂದು ಪ್ಯಾರಾ ಟೈಪ್ ಮಾಡಿದರೆ ಲ್ಯಾಪ್‌ಟಾಪಿನ ಫ್ಯಾನು ಕೂಗತೊಡಗಿತು. ಸ್ಪೆಕಲ್ಸ್ ಏರಿಸಿ, ಫಾಂಟ್‌ಫೋರ್ಜ್‌ನಲ್ಲಿ ಸಿಂಪ್ಲಿಫೈ ಕೊಟ್ಟು ಇನ್ನೂರರ ಒಳಗೆ ತಂದೆ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆಮೇಲೆ ತಪ್ಪದೆ ಅಲ್ಲೇ ಇರುವ ಮೂರು ಆಜ್ಞೆ: ಆಡ್ ಎಕ್ಸ್‌ಟ್ರೀಮಾ, ಕರೆಕ್ಟ್ ಡೈರೆಕ್ಷನ್, ರಿಮೂವ್ ಓವರ್‌ಲ್ಯಾಪ್. ಕರೆಕ್ಟ್ ಡೈರೆಕ್ಷನ್ ಮರೆತರೆ ಬಿಳಿ ಇರಬೇಕಾದ ತೂತು ಕಪ್ಪಾಗಿ ತುಂಬಿಕೊಳ್ಳುತ್ತದೆ.

ನೋಟೀಸಿನಲ್ಲಿ ಇಲ್ಲದ ಅಕ್ಷರಗಳು ಬೇಕಾದಷ್ಟಿದ್ದವು. ಪ ಇದ್ದರೆ ಫ, ಷ ಕಟ್ಟಬಹುದು, ಡ ಇದ್ದರೆ ಢ. ಮಠ ಎಂಬ ಪದ ಇದ್ದದ್ದರಿಂದ ಠ ಸಿಕ್ಕಿತು. ‘ವಿಜ್ಞಾಪನೆ’ ಇದ್ದದ್ದರಿಂದ ಞ ಒತ್ತು ಸಿಕ್ಕಿತು, ಪೂರ್ತಿ ಞ ಸಿಗಲಿಲ್ಲ. ಇಷ್ಟೇ ಸಾಲದು. ಕನ್ನಡದಲ್ಲಿ ಒಂದು ವ್ಯಂಜನಕ್ಕೆ ತಲೆಕಟ್ಟು ಇರುವ ರೂಪ, ಇಲ್ಲದ ರೂಪ, ಗುಡಿಸು ಕೂಡಿದ್ದು, ಎತ್ವ ಕೂಡಿದ್ದು, ಒತ್ತು ಅಂತ ಐದಾರು ಬೇಕು. ಕಟ್ಟಿದ ಅಕ್ಷರಗಳ ಅಂಚನ್ನು ಕೈಯಿಂದಲೇ ತಿದ್ದಿ, ಮೂಲದಲ್ಲಿ ಎಲ್ಲಿ ಸವೆದಿದೆಯೋ ಅದೇ ಜಾಗ ಇಲ್ಲಿ ಬೇರೆ ಥರ ಸವೆಯುವ ಹಾಗೆ ನೋಡಿಕೊಂಡೆ. ಹೆಚ್ಚು ಸಮಯ ತಿಂದದ್ದು ಈ ಭಾಗವೇ.

ಧ ದ ಆದದ್ದು

ಕಟ್ಟಿದ ಅಕ್ಷರಗಳು ನಯವಾಗಿ ಕಾಣುತ್ತವಲ್ಲ ಅಂತ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಎಲ್ಲದರ ಮೇಲೂ ಬಿಳಿ ಚುಕ್ಕೆ, ಕಪ್ಪು ಚುಕ್ಕೆ ಉದುರಿಸಿದೆ. ಹೊರಗೆ ತೆಗೆದ ಮೊದಲ ಪ್ರಿಂಟಿನಲ್ಲಿ ‘ಧನ್ಯವಾದ’ ಹೋಗಿ ‘ದನ್ಯವಾದ’ ಆಗಿತ್ತು. ‘ಧನಸಹಾಯ’ ‘ದನಸಹಾಯ’ ಆಗಿತ್ತು. ಧ ಅಕ್ಷರಕ್ಕೂ ದ ಅಕ್ಷರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು ಮಾತ್ರ, ಅದರ ಮೇಲೆ ಕಪ್ಪು ಚುಕ್ಕೆ ಕೂತರೆ ಮಹಾಪ್ರಾಣ ಹೋಯಿತು. ಇನ್ನೊಂದು ಕಡೆ ರ ಅಕ್ಷರದ ಒಳಗೆ ಚುಕ್ಕೆ ಬಿದ್ದು ಅದು ಠ ಆಗಿ ಕೂತಿತ್ತು!

ಇಂಗ್ಲಿಷ್ ಅಕ್ಷರಕ್ಕೆ ಎಲ್ಲಿ ಕಲೆ ಬಿದ್ದರೂ ಹೆಚ್ಚಾಗಿ ಅದೇ ಅಕ್ಷರವಾಗಿ ಉಳಿಯುತ್ತದೆ. ಕನ್ನಡದಲ್ಲಿ ಒಂದು ಚುಕ್ಕೆ, ಒಂದು ಸೀಳು ಅಕ್ಷರವನ್ನೇ ಬದಲಾಯಿಸುತ್ತದೆ. ಹಾಗಾಗಿ ಸ್ಕ್ರಿಪ್ಟ್ ಬಿಟ್ಟೆ. ಮಹಾಪ್ರಾಣದ ಸೀಳು, ರ ಠ ಅಕ್ಷರಗಳ ಹೊಟ್ಟೆ, ಪ ಷ ಅಕ್ಷರಗಳ ಒಳಭಾಗ, ಒತ್ತು ಮತ್ತು ಅಕ್ಷರದ ನಡುವಿನ ಸಂದು, ಈ ಜಾಗಗಳಲ್ಲಿ ಕಲೆ ಇಲ್ಲವೇ ಇಲ್ಲ ಅಂತ ಮಾಡಿದೆ. ಸೀಳನ್ನು ಮೂಲಕ್ಕಿಂತ ಸ್ವಲ್ಪ ಅಗಲವೇ ಬಿಡಿಸಿದೆ. ಸವೆತ ಎಲ್ಲ ಹೊರಗಿನ ಅಂಚು, ತಲೆಕಟ್ಟಿನ ತುದಿ, ದಪ್ಪ ಗೆರೆಯ ಮೈ ಇಷ್ಟರಲ್ಲೇ. ಮಾವನ ಮಾತಿಗೂ ಇದು ಹೊಂದುತ್ತದೆ ಅಲ್ವಾ, ಪೆಟ್ಟು ಬೀಳುವುದು ಹೊರಗೆ ಚಾಚಿದ ಭಾಗಕ್ಕೇ.

ಒಂದೇ ಕಲೆ ಮತ್ತೆ ಮತ್ತೆ

ಅಕ್ಷರ ಚೆಂದ ಆಯಿತು, ಸಾಲು ಆಗಲಿಲ್ಲ. ‘ನನ್ನ ಊರಿನ ನೆನಪು’ ಅಂತ ಬರೆದರೆ ಮೊದಲೆರಡು ನ ಅಕ್ಷರಗಳ ಎಡಮೂಲೆಯಲ್ಲಿ ಅದೇ ಕಚ್ಚು. ಕಣ್ಣು ಅದನ್ನು ಒಂದೇ ನಿಮಿಷದಲ್ಲಿ ಹಿಡಿಯುತ್ತದೆ. ನಿಜವಾದ ಪ್ರೆಸ್ಸಿನಲ್ಲಿ ಒಂದು ಸಾಲಿನ ಎರಡು ನ ಎರಡು ಬೇರೆ ಮೊಳೆ. ಅದೃಷ್ಟಕ್ಕೆ ನೋಟೀಸಿನಲ್ಲೇ ಒಂದೊಂದು ಅಕ್ಷರ ನಾಲ್ಕೈದು ಸಲ ಬಂದಿತ್ತು. ರ, ನ, ದ, ತ, ಗ, ಲ, ಸ ಇಷ್ಟಕ್ಕೆ ಮೂರು ಮೂರು ರೂಪ ಮಾಡಿ, ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಕಂಟೆಕ್ಸ್ಚುವಲ್ ಆಲ್ಟರ್ನೇಟ್ಸ್‌ನಲ್ಲಿ ಹತ್ತಿರದಲ್ಲೇ ಅದೇ ಅಕ್ಷರ ಬಂದಿದ್ದರೆ ಮುಂದಿನ ರೂಪ ಹಾಕು ಅಂತ ನಿಯಮ ಬರೆದೆ. ಮೂರನೆಯ ಸ ನಮ್ಮ ತಲೆಕಟ್ಟು ಮುರಿದ ಸ. ಅಪರೂಪಕ್ಕೆ ಬರುತ್ತದೆ.

ಒತ್ತಕ್ಷರ ಎರಡು ರಾತ್ರಿ ಕಾಡಿತು. ಟೈಪ್ ಮಾಡಿದರೆ ಒತ್ತು ಕೂಡದೆ ‘ಅಕ್‌ಷರ’ ಅಂತ ಬಿಡಿಬಿಡಿಯಾಗಿ ಬರುತ್ತಿತ್ತು. ಕಾರಣ ಇಷ್ಟೇ. ಫಾಂಟಿನೊಳಗೆ ಇದು ಯಾವ ಲಿಪಿ ಅಂತ ಹೇಳುವ ಗುರುತಿಗೆ ಟ್ಯಾಗ್ ಅನ್ನುತ್ತಾರೆ, ಕನ್ನಡಕ್ಕೆ ಹಳೆಯ ಟ್ಯಾಗ್ ಕೆಎನ್‌ಡಿಎ, ಹೊಸದು ಕೆಎನ್‌ಡಿ2. ಹಳೆಯದರಲ್ಲಿ ಒತ್ತಿನ ನಿಯಮವನ್ನು ವ್ಯಂಜನ, ಆಮೇಲೆ ಹಲಂತ (ಸ್ವರ ತೆಗೆದುಹಾಕುವ ಚಿಹ್ನೆ) ಅಂತ ಬರೆಯಬೇಕು. ಹೊಸದರಲ್ಲಿ ಹಲಂತ ಮೊದಲು, ವ್ಯಂಜನ ಆಮೇಲೆ. ನಾನು ಹೊಸ ಟ್ಯಾಗ್ ಹಾಕಿ ಹಳೆ ಕ್ರಮದಲ್ಲಿ ಬರೆದಿದ್ದೆ. ತಿರುಗಿಸಿದ ಕೂಡಲೇ ಎಲ್ಲ ಒತ್ತೂ ಕೆಳಗೆ ಹೋಗಿ ಕೂತವು. ಹಳೆ ನೋಟೀಸಿನಲ್ಲಿ ಒತ್ತು ಬೇರೆ ಮೊಳೆಯಾದ್ದರಿಂದ ಸ್ವಲ್ಪ ಬಲಕ್ಕೆ ಸರಿದಿರುತ್ತದೆ, ಕೆಲವು ಕಡೆ ಸಣ್ಣಗೆ ವಾಲಿರುತ್ತದೆ. ಆ ಸರಿತವನ್ನು ಹಾಗೇ ಉಳಿಸಿಕೊಂಡೆ. ಇಡೀ ಫಾಂಟಿಗೆ ಹಳೆಯ ಕಳೆ ಕೊಟ್ಟದ್ದು ಯಾವುದು ಅಂತ ಕೇಳಿದರೆ ಅಂಚಿನ ಸವೆತಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಐಎಂ ಫೆಲ್ ಪಕ್ಕದಲ್ಲಿಟ್ಟು ಬಳಸುತ್ತೇನೆ, ಫಾಂಟಿನೊಳಗೆ ಸೇರಿಸಿಲ್ಲ. ಅದು ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು. ಮಲಯಾಳಂ ಸಾಲಿಗೆ ರಚನ ಫಾಂಟ್. ಮಲಯಾಳಂ ಲಿಪಿ ಸುಧಾರಣೆ ಬಂದದ್ದು 1971ರಲ್ಲಿ, ನಮ್ಮ ನೋಟೀಸುಗಳು ಅದಕ್ಕಿಂತ ಹಿಂದಿನವು. ರಚನದಲ್ಲಿ ಹಳೆ ಲಿಪಿಯ ಕೂಡಕ್ಷರಗಳು ಇರುವುದರಿಂದ ಪಕ್ಕದಲ್ಲಿಟ್ಟರೆ ಹೊಂದಿಕೊಳ್ಳುತ್ತದೆ.

ಎಲ್ಲಿ ಹಾಕಿದೆ, ಎಲ್ಲಿ ಹಾಕಬಾರದು

ಆಮಂತ್ರಣದ ತಲೆಬರಹಕ್ಕೆ 30 ಪಾಯಿಂಟಿನಲ್ಲಿ ಹಾಕಿದೆ, ಒರಟು ಕಾಗದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಒಳಗಿನ ವಿವರಕ್ಕೂ ಇದನ್ನೇ 11 ಪಾಯಿಂಟಿನಲ್ಲಿ ಹಾಕಿ ನೋಡಿದೆ. ಬೇಡ. ಆ ಅಳತೆಯಲ್ಲಿ ಸವೆತ ಸವೆತದ ಹಾಗೆ ಕಾಣುವುದಿಲ್ಲ, ಪ್ರಿಂಟರು ಕೆಟ್ಟ ಹಾಗೆ ಕಾಣುತ್ತದೆ, ವಯಸ್ಸಾದವರಿಗೆ ಓದಲು ಕಷ್ಟ. ಒಳಗೆ ನೋಟೋ ಸೆರಿಫ್ ಕನ್ನಡವನ್ನೇ ಬಿಟ್ಟೆ.

ಡಿಟಿಪಿ ಅಂಗಡಿಯವರ ಹಳೆ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರಿನಲ್ಲಿ ಯುನಿಕೋಡ್ ನಡೆಯುವುದಿಲ್ಲ, ಅಕ್ಷರವೆಲ್ಲ ಚಿಲ್ಲಾಪಿಲ್ಲಿ. ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಟ್ಟು ಅಕ್ಷರವನ್ನು ಬರೀ ಗೆರೆಯಾಗಿ ಬದಲಾಯಿಸಿ ಪಿಡಿಎಫ್ ಮಾಡಿ ಕೊಟ್ಟೆ, ಸರಿಯಾಯಿತು.

ಬ್ಯಾನರಿನಲ್ಲಿ ಅಕ್ಷರ ಒಂದೊಂದು ಅಡಿ ಎತ್ತರ. ಅಷ್ಟು ದೊಡ್ಡದಾದಾಗ ಸಣ್ಣ ಕಚ್ಚುಗಳು ಇಲಿ ಕಡಿದ ಹಾಗೆ ಕಾಣುತ್ತವೆ. ಅದಕ್ಕೇ ಅಂಚನ್ನು ಇನ್ನೂ ಮೃದು ಮಾಡಿದ ಬೇರೆ ಫೈಲ್ ಮಾಡಿದೆ. ಬಿಳಿ ಉಪ್ಪು ಚುಕ್ಕೆಗಳನ್ನು ಫಾಂಟಿನಿಂದಲೇ ತೆಗೆದು, ಬೇಕಾದಲ್ಲಿ ಮಾತ್ರ ನೋಟೀಸಿನಿಂದಲೇ ಸ್ಕ್ಯಾನ್ ಮಾಡಿದ ಶಾಯಿಯ ಮೈಯನ್ನು ಮಾಸ್ಕಾಗಿ ಹಾಕುತ್ತೇನೆ. ಗ್ರಂಥಾಲಯದ ಬಾಗಿಲಿನ ಸ್ಟಿಕ್ಕರಿಗೆ ಹಾಕಿದ್ದು ಮಾತ್ರ ಪೂರ್ತಿ ಕೆಟ್ಟಿತು. ಅದು ಬ್ಲೇಡಿನಿಂದ ಕತ್ತರಿಸುವ ಮೆಷಿನ್, ಸಣ್ಣ ತಿರುವುಗಳಲ್ಲಿ ವಿನೈಲ್ ಹರಿದು ಎದ್ದು ಬಂತು. ಅಂಥ ಕೆಲಸಕ್ಕೆ ನಯ ಅಂಚಿನ ಫಾಂಟೇ ಬೇಕು. ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡಿಸಿದ್ದು ಎಲ್ಲಕ್ಕಿಂತ ಚೆಂದ ಬಂತು, ಬಟ್ಟೆಯ ಎಳೆಯೇ ಉಪ್ಪಿನ ಕೆಲಸ ಮಾಡಿತು.

ಅತ್ತಿಗೆ ಹಲಸಿನ ಹಪ್ಪಳ ಮಾರುತ್ತಾರೆ, ಪ್ಯಾಕೆಟಿನ ಚೀಟಿಗೆ ಇದೇ ಅಕ್ಷರ ಕೇಳಿದರು. ‘ಹಲಸಿನ ಹಪ್ಪಳ’ ಎಂಬ ಹೆಸರಿಗೆ ಮಾತ್ರ ಹಾಕಿ, ತೂಕ, ತಾರೀಕು, ಬೆಲೆಗೆ ಸಾದಾ ಅಕ್ಷರ ಹಾಕಿಕೊಟ್ಟೆ.

ಈಗ ಬಾಕಿ ಇರುವುದು ಝ, ಙ, ಪೂರ್ತಿ ಞ, ಮತ್ತು ಕನ್ನಡ ಅಂಕಿಗಳಲ್ಲಿ ೭ ಮತ್ತು ೯. ನಾನು ಊಹಿಸಿ ಬರೆದ ಝ ಹಾಕಿ ಇಟ್ಟಿದ್ದೇನೆ, ಅದನ್ನು ನೋಡಿದಾಗಲೆಲ್ಲ ಹೊಸದು ಅಂತ ಗೊತ್ತಾಗುತ್ತದೆ. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಕಾಸರಗೋಡು, ಮಂಜೇಶ್ವರ ಕಡೆಯ 1970ಕ್ಕಿಂತ ಹಿಂದಿನ ನೋಟೀಸು ಇದ್ದರೆ ಒಲೆಗೆ ಹಾಕಬೇಡಿ. ದಪ್ಪ ಅಕ್ಷರದಲ್ಲಿ ಒಂದು ಝ ಇದ್ದರೂ ಸಾಕು, ಸ್ಕ್ಯಾನರ್ ಹಿಡಿದುಕೊಂಡು ನಾನೇ ಬರುತ್ತೇನೆ.